ಪಿಳ್ಳಮ್ಮನ ಮಂಡಿಗೆ ಫುಲ್ ಮಾರ್ಕ್ಸ್

"ಅಮ್ಮಾ, ಬಾತ್ ಟಬ್ಬಿಗೆ ಇಳಿಯುವಾಗ ಮಂಡಿ ನೋಯುತ್ತಾ?"

ಈ ಪ್ರಶ್ನೆಯನ್ನು ನಾನು ದೊಡ್ಡನೆಕ್ಕುಂದಿಯಲ್ಲಿ ಸೊಪ್ಪು ಬೆಳೆಯುವ ಒಬ್ಬ ಹೆಂಗಸಿಗೆ ಕೇಳಿದ್ದೇನೆ. ನಗಬೇಡಿ. ಸಂಬಳ ತೆಗೆದುಕೊಂಡು ಕೇಳಿದ್ದೇನೆ.

ಆಕೆ ಒಂದು ಗಳಿಗೆ ನನ್ನ ಮುಖ ನೋಡಿದರು. "ಟಬ್ಬು ಅಂದ್ರೆ?"

"ತೊಟ್ಟಿ ಅಮ್ಮ. ಒಳಗೆ ಇಳಿದು, ಕೂತ್ಕೊಂಡು ಸ್ನಾನ ಮಾಡೋ ತೊಟ್ಟಿ."

"ಅಯ್ಯೋ, ಎಮ್ಮೆ ಕಣಮ್ಮ ಅಂಗ್ ಮಾಡೋದು!" ಎಂದು ಜೋರಾಗಿ ನಕ್ಕರು. ನಾನೂ ನಕ್ಕೆ. ನಗುತ್ತಲೇ 'ಅನ್ವಯಿಸುವುದಿಲ್ಲ' ಎನ್ನುವ ಚೌಕಕ್ಕೆ ಟಿಕ್ ಹಾಕಿ ಮುಂದಿನ ಪ್ರಶ್ನೆಗೆ ಹೋದೆ. ಮುಂದಿನದು ಕಾಲುಚೀಲ ಹಾಕಿಕೊಳ್ಳುವಾಗಿನ ನೋವಿನದು. ಆಕೆ ಚಪ್ಪಲಿಯನ್ನೇ ಮದುವೆ, ಆಸ್ಪತ್ರೆ ಎರಡಕ್ಕೆ ಮಾತ್ರ ಹಾಕುತ್ತಿದ್ದವರು.

ಅವರ ಹೆಸರು ಪಿಳ್ಳಮ್ಮ. ಏಳು ವರ್ಷದ ಹಿಂದಿನ ಮಾತು. ಇಷ್ಟು ದಿನ ಬರೆಯದೆ ಇದ್ದವಳು ಈಗ ಯಾಕೆ ಬರೆಯುತ್ತಿದ್ದೇನೆಂದರೆ, ಹೋದ ಗುರುವಾರ ಅವರ ಮನೆಗೆ ಹೋಗಿ ಬಂದೆ. ಅಲ್ಲಿಂದ ಬಂದ ಮೇಲೆ ಬೇರೆ ಯಾವ ವಿಷಯವನ್ನೂ ಬರೆಯಲು ಆಗುತ್ತಿಲ್ಲ.

ಮೊದಲು ಕೆಲಸದ ವಿಷಯ ಹೇಳಿಬಿಡುತ್ತೇನೆ. ಮಕ್ಕಳು ಹೈಸ್ಕೂಲಿಗೆ ಬಂದಿದ್ದರು. ಯಜಮಾನರು ಫ್ಯಾಕ್ಟರಿಯ ಫಸ್ಟ್ ಶಿಫ್ಟಿಗೆ ಹೋದರೆ ಕ್ವಾರ್ಟರ್ಸಿನಲ್ಲಿ ನಾನು, ಗೋಡೆ ಗಡಿಯಾರ ಇಬ್ಬರೇ. (ಆಗಿನ್ನೂ ಈ ಅಂಕಣ ಶುರುವಾಗಿರಲಿಲ್ಲ. ನಿಮ್ಮ ಪಾಡಿಗೆ ನೀವು ಸುಖವಾಗಿದ್ದಿರಿ.) ಬೆನ್ಸನ್ ಟೌನ್ ಕಡೆಯ ಒಂದು ಆಸ್ಪತ್ರೆಯಲ್ಲಿ, ಹೆಸರು ಬೇಡ, ಮೂಳೆ ಡಾಕ್ಟರೊಬ್ಬರಿಗೆ ಕನ್ನಡ, ತಮಿಳು ಎರಡೂ ಬರುವ ಹೆಂಗಸೊಬ್ಬರು ಬೇಕಾಗಿದ್ದರು. ನಾನು ಶಿವಾಜಿನಗರದಲ್ಲಿ ಬೆಳೆದವಳು. ಎರಡೂ ಬರುತ್ತಿತ್ತು, ಜೊತೆಗೆ ನೋವು ಎಲ್ಲಿದೆ ಎಂದು ವಿಚಾರಿಸುವಷ್ಟು ಉರ್ದುವೂ ಬರುತ್ತಿತ್ತು. ಕೆಲಸ ಸಿಕ್ಕಿತು.

ನಮ್ಮ ಡಾಕ್ಟರು ಮಂಡಿ ಸವೆದವರಿಗೆ ಹೊಸ ಕೀಲು ಹಾಕುತ್ತಿದ್ದರು. ಹಾಕಿ ಸುಮ್ಮನಾಗುತ್ತಿರಲಿಲ್ಲ. ಆಪರೇಷನ್ನಿಗೆ ಮುಂಚೆ ಹೇಗಿದ್ದರು, ಆರು ತಿಂಗಳಿಗೆ ಹೇಗಿದ್ದಾರೆ, ವರ್ಷಕ್ಕೆ ಹೇಗಿದ್ದಾರೆ ಎಂದು ಒಬ್ಬೊಬ್ಬರನ್ನೂ ಬೆನ್ನು ಹತ್ತಿ ಬರೆಸಿಡುತ್ತಿದ್ದರು. ಕೀಲು ಹಾಕಿದರೆ ಸಾಲದು, ಅದು ಮನುಷ್ಯರಿಗೆ ಏನು ಮಾಡಿತು ಎಂದು ತಿಳಿಯಬೇಕು ಎನ್ನುವವರು. ಒಳ್ಳೆಯವರು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಅವರ ಮೇಲೆ ಕೋಪ ಮಾಡಿಕೊಳ್ಳಬಾರದು.

ನನ್ನ ಕೆಲಸ ಫಾರಂ ತುಂಬುವುದು. ಫಾರಂ ಹೊರದೇಶದಿಂದ ಬಂದದ್ದು. ಮೆಟ್ಟಿಲು ಹತ್ತುವಾಗ ನೋವೆಷ್ಟು, ಇಳಿಯುವಾಗ ಎಷ್ಟು, ಕಾರಿನಿಂದ ಇಳಿಯುವಾಗ ಎಷ್ಟು, ಹಾಸಿಗೆಯಲ್ಲಿ ಹೊರಳುವಾಗ ಎಷ್ಟು. ಇಲ್ಲ, ಸ್ವಲ್ಪ, ಸುಮಾರು, ಜಾಸ್ತಿ, ತಡೆಯಲಾರದಷ್ಟು. ಟಿಕ್, ಟಿಕ್, ಟಿಕ್.

ಪಿಳ್ಳಮ್ಮ ಬಂದಾಗ ಅವರಿಗೆ ಅರವತ್ತು ದಾಟಿತ್ತು. ಸೊಸೆ ಮಂಜುಳಾ ತೋಳು ಹಿಡಿದುಕೊಂಡು ಬಂದಿದ್ದಳು. ಎರಡೂ ಕಾಲು ಬಿಲ್ಲಿನ ಹಾಗೆ ಹೊರಗೆ ಬಾಗಿದ್ದವು. ಒಂದು ಕಾಲದಲ್ಲಿ ದೊಡ್ಡ ಜಮೀನಿದ್ದ ಮನೆ. ಹೆಚ್ಚಿನ ಭಾಗ ಕಾರ್ಖಾನೆಗಳಿಗೆ ಹೋಗಿ, ಮನೆಯ ಹಿಂದೆ ಬಾವಿ, ಬಾವಿಯ ಸುತ್ತ ಕೆಲವು ಗುಂಟೆ ಉಳಿದಿತ್ತು. ಅಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ. ಮದುವೆಯಾಗಿ ಬಂದ ವರ್ಷದಿಂದಲೂ ಆ ಪಾತಿಗಳಲ್ಲಿ ಕುಕ್ಕರುಗಾಲಲ್ಲಿ ಕೂತು ಕಳೆ ಕಿತ್ತು, ಸೊಪ್ಪು ಕಿತ್ತು, ಕಟ್ಟು ಕಟ್ಟಿದವರು ಪಿಳ್ಳಮ್ಮ.

"ಮನೇಲಿ ಬೇಡ ಅಂತಾರೆ ಮೇಡಂ. ಕೇಳಲ್ಲ ನಮ್ಮತ್ತೆ," ಎಂದಳು ಮಂಜುಳಾ. "ನೋವಲ್ಲಿ ಅಳ್ತಾರೆ, ಅಳ್ತಾನೇ ಹೋಗಿ ಕೂತ್ಕೋತಾರೆ."

"ಕೂತ್ಕಂಡ್ಮೇಲೆ ನೋವಿಲ್ಲ ಕಣಮ್ಮ," ಎಂದರು ಪಿಳ್ಳಮ್ಮ ನನಗೆ. "ಏಳೋವಾಗ್ಲೇ ಪ್ರಾಣ ಹೋಗೋದು."

ಡಾಕ್ಟರು ಎಕ್ಸ್‌ರೇ ನೋಡಿದರು. ಎರಡೂ ಮಂಡಿ ಬದಲಾಯಿಸಬಹುದು ಎಂದರು. ಎಲ್ಲವನ್ನೂ ಸಾವಕಾಶವಾಗಿ ವಿವರಿಸಿದರು. ಆದರೆ ಅವರ ಕನ್ನಡದಲ್ಲಿ ಮುಖ್ಯವಾದ ಪದಗಳೆಲ್ಲ ಇಂಗ್ಲಿಷಿನವು. "ವಾಕಿಂಗ್ ತೊಂದ್ರೆ ಇಲ್ಲ ಅಮ್ಮ. ಆದ್ರೆ ಸ್ಕ್ವಾಟಿಂಗ್ ಪೂರ್ತಿ ಅವಾಯ್ಡ್ ಮಾಡ್ಬೇಕು. ಆಯ್ತಾ?"

"ಆಯ್ತು ಸಾಮಿ," ಎಂದರು ಪಿಳ್ಳಮ್ಮ. ಡಾಕ್ಟರ ಮುಂದೆ ನಾವೆಲ್ಲ ಹೇಳುವುದು ಅದನ್ನೇ ಅಲ್ಲವೇ? ಅರ್ಥವಾಗಿದ್ದರೂ ಆಯ್ತು, ಆಗದಿದ್ದರೂ ಆಯ್ತು.

ಹೊರಗೆ ಬಂದರು. ಮಂಜುಳಾ ಔಷಧಿ ತರಲು ಹೋದಳು. ಕಾರಿಡಾರಿನ ಬೆಂಚಿನಲ್ಲಿ ಪಿಳ್ಳಮ್ಮ ನನ್ನ ಕೈ ಹಿಡಿದುಕೊಂಡರು.

"ಅದೇನಮ್ಮ ಅವ್ರು ಸ್ಕಾಟಿಂಗು ಅಂದಿದ್ದು?"

ನನಗೆ ಗೊತ್ತಿತ್ತು. ನನ್ನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದೇ ಇಂಥ ಮಾತನ್ನು ಕನ್ನಡದಲ್ಲಿ ಹೇಳಲು. ಕುಕ್ಕರುಗಾಲಲ್ಲಿ ಕೂರಬಾರದು, ನೆಲದ ಮೇಲೆ ಕೂರಬಾರದು, ಇನ್ನು ಮುಂದೆ ಯಾವತ್ತೂ. ಇಷ್ಟೇ.

"ಅದೇನಿಲ್ಲ ಅಮ್ಮ," ಎಂದೆ. "ಹುಷಾರಾಗಿರ್ಬೇಕು ಅಂತ."

"ಕೂತ್ಕಂಡು ಸೊಪ್ಪು ಕೀಳಬೋದು ತಾನೇ?"

"ಮೊದ್ಲು ನೋವು ಹೋಗ್ಲಿ ಅಮ್ಮ. ಆಮೇಲೆ ಎಲ್ಲಾ ಆಗುತ್ತೆ."

ಯಾಕೆ ಹಾಗೆ ಹೇಳಿದೆ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಿಜ ಹೇಳಿದರೆ ಅವರು ಎದ್ದು ಮನೆಗೆ ಹೋಗಿಬಿಡುತ್ತಾರೆ, ಮತ್ತೆ ಅದೇ ನೋವಿನಲ್ಲಿ ಅಳುತ್ತಾರೆ ಎನ್ನಿಸಿತ್ತು. ಶುಕ್ರವಾರದ ಮೀಟಿಂಗಿಗೆ ಡಾಕ್ಟರಿಗೆ ಹೊಸ ಹೆಸರುಗಳ ಲಿಸ್ಟು ಕೊಡಬೇಕಿತ್ತು, ಒಂದು ಹೆಸರು ತಪ್ಪಿಹೋಗುವುದು ನನಗೆ ಬೇಕಿರಲಿಲ್ಲ. ಜೊತೆಗೆ ನಾಲ್ಕೂವರೆಯ ಬಸ್ಸಿಗೆ ಹೊತ್ತಾಗಿತ್ತು. ಮೂರೂ ನಿಜ. ಯಾವುದು ಎಷ್ಟು ನಿಜ ಎಂದು ಮಾತ್ರ ಇವತ್ತಿಗೂ ಗೊತ್ತಿಲ್ಲ.

'ಆಗುತ್ತೆ.' ಈ ಊರಿನಲ್ಲಿ ದಿನಕ್ಕೆ ಎಷ್ಟು ಸಲ ಈ ಮಾತು ಕೇಳುತ್ತೇವೆ? ನಲ್ಲಿ ರಿಪೇರಿಯವನು ಹೇಳುತ್ತಾನೆ. ಬ್ಲೌಸ್ ಹೊಲಿಯುವ ಟೈಲರ್ ಹೇಳುತ್ತಾನೆ. ಗಣಿತದಲ್ಲಿ ಫೇಲಾದ ಹುಡುಗಿಯ ತಾಯಿಗೆ ಟ್ಯೂಷನ್ ಮೇಷ್ಟ್ರು ಹೇಳುತ್ತಾರೆ. ಕೇಳಿದವರು ಹಗುರಾಗುತ್ತಾರೆ, ಹೇಳಿದವರು ಪಾರಾಗುತ್ತಾರೆ. ಬ್ಲೌಸು ಹಾಳಾದರೆ ಇನ್ನೊಂದು ಹೊಲಿಸಬಹುದು, ಬಿಡಿ.

ಆಪರೇಷನ್ ಆಯಿತು. ಒಂದೇ ಸಲ ಎರಡೂ ಮಂಡಿ. ಚೆನ್ನಾಗಿಯೇ ಆಯಿತು.

ಆರು ತಿಂಗಳಿಗೆ ಫಾರಂ ಹಿಡಿದುಕೊಂಡು ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಬದಲಾಯಿಸಿ ದೊಡ್ಡನೆಕ್ಕುಂದಿಗೆ ಹೋದೆ. ಪಿಳ್ಳಮ್ಮ ಗೇಟಿಗೇ ಬಂದು ನಿಂತಿದ್ದರು. ಬಿಲ್ಲಿನ ಹಾಗಿದ್ದ ಕಾಲುಗಳು ನೆಟ್ಟಗಾಗಿದ್ದವು. ನನಗಿಂತ ಒಂದಿಷ್ಟು ಎತ್ತರವೂ ಕಂಡರು. "ನೋಡಮ್ಮ, ಎಂಗ್ ನಡೀತೀನಿ," ಎಂದು ಅಂಗಳದ ಆ ತುದಿಯಿಂದ ಈ ತುದಿಗೆ ನಡೆದು ತೋರಿಸಿದರು. ನನ್ನ ಕಣ್ಣಲ್ಲಿ ನೀರು ಬಂತು. ಸುಳ್ಳು ಹೇಳುತ್ತಿಲ್ಲ.

ಮೆಟ್ಟಿಲು ಹತ್ತುವಾಗ? ನೋವಿಲ್ಲ. ಇಳಿಯುವಾಗ? ಇಲ್ಲ. ರಾತ್ರಿ ಮಲಗಿದಾಗ? "ಸಣ್ಣ ಮಗೂ ಅಂಗೆ ನಿದ್ದೆ ಬತ್ತದೆ." ಟಿಕ್, ಟಿಕ್, ಟಿಕ್. ನನ್ನ ಲಿಸ್ಟಿನಲ್ಲಿ ಅಷ್ಟು ಒಳ್ಳೆಯ ಫಾರಂ ಇನ್ನೊಂದಿರಲಿಲ್ಲ.

ಪೆನ್ನು ಮುಚ್ಚುವಾಗ ಪಿಳ್ಳಮ್ಮ, "ನಾನೊಂದ್ ಕೇಳ್ಲಾ?" ಎಂದರು.

"ಕೇಳಿ ಅಮ್ಮ."

"ಯಾವಾಗಿಂದ ಕೂತ್ಕಬೋದು?"

ಆ ಹೊತ್ತಿಗಾದರೂ ಹೇಳಬಹುದಿತ್ತು. ಕಾಫಿ ಲೋಟ ಕೆಳಗಿಟ್ಟು, ಅವರ ಕೈ ಹಿಡಿದುಕೊಂಡು, ಆಗಲ್ಲ ಅಮ್ಮ, ಅವತ್ತು ನಾನು ತಪ್ಪು ಹೇಳಿದೆ ಎನ್ನಬಹುದಿತ್ತು. "ಡಾಕ್ಟ್ರನ್ನ ಕೇಳಿ ಹೇಳ್ತೀನಮ್ಮ," ಎಂದು ಎದ್ದು ಬಂದೆ.

ಕೇಳಲೂ ಇಲ್ಲ, ಹೇಳಲೂ ಇಲ್ಲ. ಕೇಳುವುದಕ್ಕೆ ಏನಿತ್ತು?

ವರ್ಷದ ಫಾರಮ್ಮಿಗೆ ಮತ್ತೆ ಹೋದಾಗ ಗೇಟಿಗೆ ಬಂದವಳು ಮಂಜುಳಾ. ಮನೆಯ ಹಿಂದಿನ ತೋಟಕ್ಕೆ ಮುಳ್ಳುತಂತಿ ಹಾಕಿದ್ದರು. ಒಳಗೆ ಕಳೆ ಮೊಣಕಾಲೆತ್ತರ ಬೆಳೆದಿತ್ತು. ನಾನು ಕೇಳುವ ಮೊದಲೇ ಮಂಜುಳಾ ತಗ್ಗಿದ ದನಿಯಲ್ಲಿ ನಡೆದದ್ದನ್ನು ಹೇಳಿದಳು.

ಪಿಳ್ಳಮ್ಮ ಮೊದಮೊದಲು ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಬಗ್ಗಿ ಸೊಪ್ಪು ಕಿತ್ತಿದ್ದಾರೆ. ಸೊಂಟ ಹಿಡಿದುಕೊಂಡಿದೆ. ಕೂಲಿಯವರನ್ನು ಕರೆಸಿದ್ದಾರೆ. ಅವರು ಎಳೆಯ ಗಿಡವನ್ನೂ ಸೇರಿಸಿ ಕೀಳುವುದನ್ನು ನಿಂತು ನೋಡಲಾರದೆ ವಾಪಸು ಕಳಿಸಿದ್ದಾರೆ. ಆಮೇಲೆ ಒಂದು ಬೆಳಗ್ಗೆ, ಮಗ ಫ್ಯಾಕ್ಟರಿಗೆ, ಸೊಸೆ ಮಕ್ಕಳ ಸ್ಕೂಲಿಗೆ ಹೋದ ಹೊತ್ತಿನಲ್ಲಿ, ಯಾರನ್ನೂ ಕೇಳದೆ ಪಾತಿಗೆ ಹೋಗಿ ಹೇಗೋ ಕೂತುಬಿಟ್ಟಿದ್ದಾರೆ.

ಏಳಲು ಆಗಲಿಲ್ಲ. ಹೊಸ ಮಂಡಿ ಅಷ್ಟು ಮಡಚಿಕೊಳ್ಳುವುದಿಲ್ಲ. ಹಿಂದಕ್ಕೆ ಬಿದ್ದು, ಕಾಲು ಮುಂದೆ ಚಾಚಿ, ಕೈಯೂರಿ ಬಾವಿಯ ಕಟ್ಟೆಯವರೆಗೆ ತೆವಳಿಕೊಂಡು ಬಂದಿದ್ದಾರೆ. ಕಟ್ಟೆ ಹಿಡಿದು ಏಳಲು ನೋಡಿದ್ದಾರೆ. ಆಗಿಲ್ಲ. ಮಂಜುಳಾ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಸೀರೆಯೆಲ್ಲ ಕೆಸರು.

"ಅಳ್ತಿರ್ಲಿಲ್ಲ ಮೇಡಂ. ಮಡ್ಲಲ್ಲಿ ಸೊಪ್ಪು ಇಟ್ಕೊಂಡು ಸುಮ್ನೆ ಕೂತಿದ್ರು. ಅದೇ ನನಗೆ ಭಯ ಆಗಿದ್ದು. ಇವ್ರು ಅವತ್ತು ಸಾಯಂಕಾಲನೇ ತಂತಿ ಹಾಕಿಸ್ಬಿಟ್ರು."

ಮಗನನ್ನು ಬೈಯಬೇಡಿ. ಬಾವಿಯ ಪಕ್ಕ ತಾಯಿ ಹಾಗೆ ಬಿದ್ದಿದ್ದರೆ ನೀವಾದರೂ ತಂತಿ ಹಾಕಿಸುತ್ತಿದ್ದಿರಿ.

ಒಳಗೆ ಪಿಳ್ಳಮ್ಮ ಕುರ್ಚಿಯಲ್ಲಿ ಕೂತಿದ್ದರು. ನಾನು ಪ್ರಶ್ನೆ ಓದಿದೆ, ಅವರು ಉತ್ತರ ಹೇಳಿದರು. ಇಲ್ಲ, ಇಲ್ಲ, ಇಲ್ಲ. ಎಲ್ಲಿಯೂ ನೋವಿಲ್ಲ. ಪುನಃ ಫುಲ್ ಮಾರ್ಕ್ಸ್.

"ನೋವಿಲ್ಲ ಕಣಮ್ಮ," ಎಂದರು ಕೊನೆಗೆ. "ನೆಲ ದೂರ ಆಯ್ತು, ಅಷ್ಟೇ."

ಆ ಮಾತನ್ನು ಹಾಗೆಯೇ ಫಾರಮ್ಮಿನ ಅಂಚಿನಲ್ಲಿ ಬರೆದುಕೊಂಡೆ. ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಅದು. ಮರುದಿನ ಆಸ್ಪತ್ರೆಯಲ್ಲಿ ಫಾರಂಗಳನ್ನು ಕಂಪ್ಯೂಟರಿಗೆ ಹಾಕುತ್ತಿದ್ದ ಸ್ಟೆಲ್ಲಾ ಅದನ್ನು ನೋಡಿ ತಲೆಯೆತ್ತಿದಳು. "ಮೇಡಂ, ಈ ಸೆಂಟೆನ್ಸ್ ಎಲ್ಲಿ ಹಾಕ್ಲಿ? ಇದಕ್ಕೆ ಕಾಲಂ ಇಲ್ವೇ."

ಹೌದಲ್ಲ, ಇರಲಿಲ್ಲ. ಫಾರಂ ಮಾಡಿದವರ ಊರಿನಲ್ಲಿ ಮಂಡಿಗೆ ಮೆಟ್ಟಿಲು, ಕಾರು, ಟಬ್ಬು ಮುಖ್ಯ. ಅವರ ಕಷ್ಟ ಅವರು ಬರೆದುಕೊಂಡಿದ್ದಾರೆ, ತಪ್ಪೇನಿದೆ? ನಮ್ಮ ಮಂಡಿಯ ಕೆಲಸವೇ ಬೇರೆ. ನಮಗೆ ಊಟಕ್ಕೆ ಕೂರಬೇಕು, ಪೂಜೆಗೆ ಕೂರಬೇಕು, ನಮಾಜಿಗೆ ಬಾಗಬೇಕು, ಬಟ್ಟೆ ಒಗೆಯುವ ಕಲ್ಲಿನ ಮುಂದೆ, ಈಳಿಗೆಮಣೆಯ ಮುಂದೆ, (ಕ್ಷಮಿಸಿ) ಕಕ್ಕಸಿನಲ್ಲಿ ಕೂರಬೇಕು. ಮೊಮ್ಮಗು ಅಂಬೆಗಾಲಿಡುತ್ತಿದ್ದರೆ ಅದರ ಎದುರಿಗೆ ಕೂರಬೇಕು. ಇದನ್ನೆಲ್ಲ ನಾವಲ್ಲದೆ ಇನ್ನು ಯಾರು ಬಂದು ಬರೆಯಬೇಕು?

ಈ ಬುದ್ಧಿ ನನಗೆ ಆಗಲೇ ಇತ್ತು. ಡಾಕ್ಟರ ಹತ್ತಿರ ಹೋಗಿ ಹೇಳಿಯೂ ಹೇಳಿದೆ. ಕಾರಿಡಾರಿನ ಮಾತನ್ನಲ್ಲ, ಅದನ್ನು ಬಿಟ್ಟು ಮಿಕ್ಕಿದ್ದನ್ನು. ಅವರು ಕನ್ನಡಕ ತೆಗೆದು ಪೂರ್ತಿ ಕೇಳಿಸಿಕೊಂಡರು.

"ನೀವು ಹೇಳೋದು ಸರಿ ಇದೆ," ಎಂದರು. "ಆದ್ರೆ ಈ ಫಾರಂ ಮುಟ್ಟೋಹಾಗಿಲ್ಲ. ಬದಲಾಯಿಸಿದ್ರೆ ಬೇರೆ ಕಡೆಯ ರಿಸಲ್ಟ್ ಜೊತೆ ಹೋಲಿಸೋಕಾಗಲ್ಲ. ಒಂದು ಕೆಲಸ ಮಾಡಿ. ನಮ್ಮ ಪೇಷಂಟ್ಸ್‌ಗೆ ಅಂತಾನೇ ಇನ್ನೊಂದು ಶೀಟ್ ಇಡೋಣ. ಪ್ರಶ್ನೆಗಳನ್ನ ನೀವೇ ಬರ್ಕೊಂಡು ಬನ್ನಿ. ಆಪರೇಷನ್‌ಗೆ ಮುಂಚೆನೇ ಕೇಳೋಣ, ಅವರಿಗೆ ಏನೇನು ಮಾಡೋಕೆ ಆಸೆ ಇದೆ ಅಂತ."

ಕುಣಿದಾಡಿಕೊಂಡು ಹೊರಗೆ ಬಂದೆ. ಆ ಸಂಜೆಯೇ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ 'ಒಂದು' ಎಂದು ಬರೆದು ಅದರ ಸುತ್ತ ಸೊನ್ನೆ ಸುತ್ತಿದೆ. ಆಮೇಲೆ ಮಗಳ ಎಸ್ಸೆಸ್ಸೆಲ್ಸಿ ಬಂತು. ನಾದಿನಿಯ ಮದುವೆ ಬಂತು. ಡಾಕ್ಟರು ಎರಡು ಸಲ ಕೇಳಿದರು. "ಆಗುತ್ತೆ ಡಾಕ್ಟ್ರೇ, ಬರೀತಿದ್ದೀನಿ" ಎಂದೆ. ಮೂರನೆಯ ಸಲ ಅವರು ಕೇಳಲಿಲ್ಲ. ವರ್ಷದ ಕೊನೆಗೆ ಮನೆಯಲ್ಲಿ ಕೆಲಸ ಜಾಸ್ತಿ ಎಂದು ಹೇಳಿ ಬಿಟ್ಟುಬಿಟ್ಟೆ. ಡಾಕ್ಟರೂ ಈಗ ಈ ಊರಿನಲ್ಲಿಲ್ಲ. ಆ ಇನ್ನೊಂದು ಶೀಟನ್ನು ಆಮೇಲೆ ಯಾರಾದರೂ ಬರೆದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನಂತೂ ಬರೆಯಲಿಲ್ಲ.

ಈಗ ಹೋದ ಗುರುವಾರಕ್ಕೆ ಬರುತ್ತೇನೆ.

ಕೆ.ಆರ್. ಪುರದ ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿ ಆರಿಸುತ್ತಿದ್ದೆ. ಪಕ್ಕದ ಸೊಪ್ಪಿನ ಗುಡ್ಡೆಯ ಮುಂದೆ ನಿಂತಿದ್ದ ಹೆಂಗಸು ನನ್ನನ್ನೇ ನೋಡಿದಳು. "ಮಂಡಿ ಮೇಡಂ ಅಲ್ವಾ ನೀವು?"

ಮಂಜುಳಾ. ಕೈಯಲ್ಲಿ ಎರಡು ಕಟ್ಟು ದಂಟು.

"ನೀವು ಸೊಪ್ಪು ಕೊಳ್ಳೋದಾ?" ಎಂದುಬಿಟ್ಟೆ. ಬಾಯಿಂದ ಹೊರಟ ಮೇಲೆ ನಾಲಿಗೆ ಕಚ್ಚಿಕೊಂಡು ಏನು ಪ್ರಯೋಜನ?

"ತೋಟ ಎಲ್ಲೈತೆ ಮೇಡಂ? ಅಪಾರ್ಟ್‌ಮೆಂಟ್ ಕಟ್ಟೋರಿಗೆ ಕೊಟ್ಬಿಟ್ವಲ್ಲ." ಅವಳ ದನಿಯಲ್ಲಿ ದೂರೇನೂ ಇರಲಿಲ್ಲ. "ಅತ್ತೆ ಕೈಲಾಗೋವರೆಗೂ ಕೊಡೋದು ಬೇಡ ಅಂತ ಮುಂಚೆನೇ ಮಾತಾಗಿತ್ತು. ಆಮೇಲೆ ಯಾರೂ ಕೂರೋರಿಲ್ಲ, ಬಾವೀನೂ ಬತ್ತೋಯ್ತು. ಅಕ್ಕಪಕ್ಕದೋರೂ ಕೊಟ್ರು. ಬನ್ನಿ ಮೇಡಂ, ಅತ್ತೆ ಖುಷಿ ಪಡ್ತಾರೆ."

ಬೇಡವೆನ್ನಲು ಹತ್ತು ಕಾರಣ ಹುಡುಕಿದೆ. ಒಂದೂ ಸಿಗಲಿಲ್ಲ. ಆಟೋ ಹತ್ತಿದೆವು.

ಹಳೆಯ ಮನೆ ಇದ್ದ ಜಾಗದಲ್ಲಿ ಮೂರಂತಸ್ತಿನ ಮನೆ. ಹಿಂದೆ, ಪಾತಿಗಳಿದ್ದ ಕಡೆ, ಆಫೀಸು ಬಸ್ಸುಗಳು ಬಂದು ನಿಲ್ಲುವ ಅಪಾರ್ಟ್‌ಮೆಂಟು. ಬಾವಿ ಎಲ್ಲಿತ್ತು ಎಂದು ಗುರುತು ಹಿಡಿಯಲು ಆಗಲಿಲ್ಲ. ಪಿಳ್ಳಮ್ಮ ಸಿಮೆಂಟಿನ ಅಂಗಳದಲ್ಲಿ ನಡೆಯುತ್ತಿದ್ದರು. ಕೋಲಿಲ್ಲ, ಕುಂಟಿಲ್ಲ. ನಾನು ಈಗ ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತೇನೆ. ಅವರು ಹಿಡಿಯುವುದಿಲ್ಲ.

ಕಾಂಪೌಂಡ್ ಗೋಡೆಯ ಮೇಲೆ, ನಿಂತೇ ಕೀಳುವ ಎತ್ತರಕ್ಕೆ, ಮಗ ನಾಲ್ಕು ಕುಂಡ ಇಟ್ಟುಕೊಟ್ಟಿದ್ದಾನೆ. ಕೊತ್ತಂಬರಿ ಹುಟ್ಟಿತ್ತು. "ಚೆನ್ನಾಗಿ ಬಂದಿದೆಯಲ್ಲ ಅಮ್ಮ," ಎಂದೆ.

"ಇದು ಮಕ್ಕಳಾಟ ಕಣಮ್ಮ," ಎಂದರು. ಬೇಸರದಿಂದಲ್ಲ. ಇದ್ದದ್ದನ್ನು ಹೇಳಿದರು, ಅಷ್ಟೇ.

ಮಂಜುಳಾ ಕಾಫಿ ಮಾಡಲು ಒಳಗೆ ಹೋದಳು. ಇಬ್ಬರೂ ಕುರ್ಚಿಯಲ್ಲಿ ಕೂತೆವು. ತಡೆಯಲಾಗದೆ ಕೇಳಿದೆ. "ಅಮ್ಮ, ಕೂರೋಕಾಗಲ್ಲ ಅಂತ ಮುಂಚೆನೇ ಗೊತ್ತಿದ್ದಿದ್ರೆ ಆಪರೇಷನ್ ಮಾಡಿಸ್ಕೋತಿರ್ಲಿಲ್ವಾ?"

ಅವರು ಬಹಳ ಹೊತ್ತು ಯೋಚಿಸಿದರು. ನನ್ನ ಯಾವ ಫಾರಮ್ಮಿನ ಯಾವ ಪ್ರಶ್ನೆಗೂ ಅಷ್ಟು ಯೋಚಿಸಿರಲಿಲ್ಲ.

"ಮಾಡಿಸ್ಕತಿದ್ದೆ ಅನ್ಸುತ್ತೆ," ಎಂದರು. "ಆ ನೋವು ಯಾರ್ಗೂ ಬೇಡ. ಒಂದೆರಡು ವರ್ಷ ತಡ ಮಾಡ್ತಿದ್ನೋ ಏನೋ. ಆದ್ರೆ ಗೊತ್ತಿರ್ಬೇಕಾಗಿತ್ತು ಕಣಮ್ಮ. ಆಸ್ಪತ್ರೆಗೋಗೋ ಹಿಂದಿನ್ ದಿನ ಮೆಂತ್ಯ ಕಿತ್ತೆ. ಬಿರಬಿರನೆ ಕಿತ್ಬಿಟ್ಟು ಎದ್ಬಂದೆ, ಬಂದ್ಮೇಲೆ ಇದ್ದೇ ಐತಲ್ಲ ಅಂತ. ಅದೇ ಕೊನೇದು ಅಂತ ಗೊತ್ತಿದ್ರೆ ಒಸಿ ಹೊತ್ತು ಕೂತಿರ್ತಿದ್ದೆ."

ನಾನು ಕುಂಡಗಳ ಕಡೆ ನೋಡುತ್ತಿದ್ದೆ.

"ಆ ಡಾಕ್ಟ್ರು ಬೋ ಒಳ್ಳೇವ್ರು," ಎಂದರು ಪಿಳ್ಳಮ್ಮ. "ಆದ್ರೂ ಕೂರಬೋದು ಅಂದ್ಬಿಟ್ರಲ್ಲಮ್ಮ. ಅದೊಂದು ಅವ್ರು ಸುಳ್ಳು ಹೇಳ್ಬಾರ್ದಾಗಿತ್ತು."

ಡಾಕ್ಟರು ಹೇಳಿರಲಿಲ್ಲ. ಕಾರಿಡಾರು, ಬೆಂಚು, ನನ್ನ ಕೈ, ನನ್ನ ಮಾತು, ಎಲ್ಲ ಅವರ ನೆನಪಿನಿಂದ ಜಾರಿಹೋಗಿದೆ. ಮಾತು ಮಾತ್ರ ಉಳಿದು, ಹೇಳಿದವರ ಹೆಸರು ಬದಲಾಗಿದೆ. ಆ ಮನುಷ್ಯ ಏನೂ ತಿಳಿಯದೆ, ಎಲ್ಲೋ ಇನ್ನೊಂದೂರಿನಲ್ಲಿ, ದೊಡ್ಡನೆಕ್ಕುಂದಿಯ ಒಂದು ಮನೆಯಲ್ಲಿ ಸುಳ್ಳುಗಾರರಾಗಿದ್ದಾರೆ.

'ಅವರಲ್ಲ ಅಮ್ಮ, ನಾನು.' ಇಷ್ಟೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ.

ಅಷ್ಟರಲ್ಲಿ ಕಾಫಿ ಬಂತು. ಕುಡಿದೆ. ಸಕ್ಕರೆ ಸರಿಯಾಗಿದೆಯೇ ಎಂದು ಮಂಜುಳಾ ಕೇಳಿದಳು, ಸರಿಯಾಗಿದೆ ಎಂದೆ. ಹೊರಡುವಾಗ ಪಿಳ್ಳಮ್ಮ ಕುಂಕುಮ ಕೊಟ್ಟು, ಕುಂಡದಿಂದ ಒಂದು ಹಿಡಿ ಕೊತ್ತಂಬರಿ ಕಿತ್ತು ನನ್ನ ಬ್ಯಾಗಿಗೆ ಹಾಕಿ, ಗೇಟಿನವರೆಗೂ ನಡೆದು ಬಂದು ಕಳಿಸಿದರು.

ಹೇಳದೆ ಬಂದದ್ದನ್ನು ಇವತ್ತು ಇಲ್ಲಿ ಬರೆದಿದ್ದೇನೆ. ಸಾವಿರಾರು ಜನ ಓದುತ್ತೀರಿ, ಕೆಲವರು ಧೈರ್ಯವಂತೆ ಎಂದು ಕಾಗದವನ್ನೂ ಬರೆಯುತ್ತೀರಿ.

ಪಿಳ್ಳಮ್ಮನಿಗೆ ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಇಲ್ಲಿ ಬರೆದೆನೇ?